ಏಳನೇ ತತ್ತಿ

ನಮ್ಮ ಅತ್ತಿ ಕೋಳಿಗೆ ತತ್ತಿ ಇಟ್ಟು ಮರಿ ಮಾಡಸೋದ್ರಾಗ ಓಣಿಗೇ ಹೆಸರಾದಾಕಿ. ಯಾರ ಮನಿ ಕೋಳಿ ಕಾವಿಗೆ ಬಂದ್ರೂ ಅವರು ತತ್ತಿ ಬುಟ್ಟಿ ಹಿಡಕೊಂಡು ನಮ್ಮ ಬಾಗಿಲಿಗೆ ಬರ್ತಿದ್ರು. ದೊಡ್ಡವ್ವಾ, ನೀನೇ ಬಂದು ಇಡಬೇಕು ಅಂತಿದ್ರು. ಆಕಿ ಕೈಗುಣ ಹಂಗಿತ್ತು. ಹದಿಮೂರು ಇಟ್ರ ಹನ್ನೆರಡಾದ್ರೂ ಮರಿ ಆಗಲೇಬೇಕು, ಒಮ್ಮೊಮ್ಮೆ ಹದಿಮೂರಕ್ಕ ಹದಿಮೂರೂ ಆಗ್ತಿದ್ವು. ಇಡೋದಕ್ಕೂ ಆಕೀದೊಂದು ಕ್ರಮ. ಹೊತ್ತು ಮುಳುಗೋ ಮುಂದ ಇಡಬೇಕು, ಬೆಸ ಸಂಖ್ಯೆ ಇರಬೇಕು. ಬುಟ್ಟ್ಯಾಗ ಹುಲ್ಲು ಹಾಸಿ ಅದರ ಕೆಳಗ ಒಂದು ಕಬ್ಬಿಣದ ಮೊಳಿ, ಒಂದು ತುಂಡು ಇದ್ದಲಿ ಇಡಬೇಕು, ಗುಡುಗು ಸಿಡಿಲಿಗೆ ತತ್ತಿ ಕೆಡಬಾರದಂತ. ಇಟ್ಟ ಮರುದಿನದಿಂದ ಗ್ವಾಡಿ ಮ್ಯಾಲ ಇದ್ದಲಿಲೆ ದಿನಕ್ಕೊಂದು ಗೀಟು. ಇಪ್ಪತ್ತೊಂದು ಗೀಟು ಆದ್ವಂದ್ರ ಮರಿ ಚಿಂವ್ ಚಿಂವ್ ಅನ್ನಬೇಕು, ಅಂತಾವ.

ಅತ್ತಿ ಅಂದ್ರ ನನ್ನ ಗಂಡನ ತಾಯಿ, ನಮ್ಮಪ್ಪನ ಖಾಸಾ ಅಕ್ಕನೂ ಹೌದು. ಅದಕ್ಕೇ ನಾ ಆಕಿನ್ನ ನೀ ಅಂತ ಮಾತಾಡಸೋದು. ಇದನ್ನ ಓದಿದವರು ಈ ಟೀಚರ್‌ಗೆ ಮರ್ಯಾದಿ ಗೊತ್ತಿಲ್ಲ ಅನ್ನಬಾರದು. ನಾವಿಬ್ರೂ ಮಸ್ಕಿ ದಾಟಿ ಲಿಂಗಸುಗೂರು ಹಾದ್ಯಾಗಿನ ಒಂದೇ ಊರಿನವರು. ಅದು ಒಣಭೂಮಿ. ಸಜ್ಜಿ, ತೊಗರಿ, ಕುರಿ, ಕೋಳಿ ಬಿಟ್ರ ನಮಗ ಬ್ಯಾರೆ ಏನೂ ಗೊತ್ತಿರಲಿಲ್ಲ. ಆಕಿ ನಲವತ್ತು ವರ್ಷದ ಹಿಂದ, ನಾ ಹದಿನೈದು ವರ್ಷದ ಹಿಂದ, ಜವಳಗೇರಾ ಹತ್ರದ ಈ ಕಾಲುವೆ ಊರಿಗೆ ಸೊಸಿಯಾಗಿ ಬಂದ್ವಿ. ಇಲ್ಲಿ ಎಲ್ಲಿ ನೋಡಿದ್ರೂ ನೀರು, ಎಲ್ಲಿ ನೋಡಿದ್ರೂ ನೆಲ್ಲು. ಭತ್ತಕ್ಕ ಇಲ್ಲಿ ನೆಲ್ಲು ಅಂತಾರ. ನಾ ಹೈಸ್ಕೂಲಿನಾಗ ವಿಜ್ಞಾನ ಹೇಳ್ತೀನಿ. ದಿನಾ ಸಿಂಧನೂರಿನಾಗ ಬಸ್ ಬದಲಿ ಮಾಡಿ ಮಸ್ಕಿ ರಸ್ತೆದಾಗಿನ ಒಂದು ಊರಿಗೆ ಹೋಗಿ ಬರ್ತೀನಿ. ಸಿಟ್ಟು ನನಗ ಮೂಗಿನ ತುದಿ ಮ್ಯಾಲ. ಬಸ್ಸಿನಾಗ ಕಂಡಕ್ಟರ್ ಜೋಡಿ ಜಗಳ, ಶಾಲ್ಯಾಗ ಹೋಂವರ್ಕ್ ಮಾಡದವರ ಜೋಡಿ ಜಗಳ, ಮನ್ಯಾಗ ಜಗಳಕ್ಕ ಕಾರಣನೂ ಬೇಕಾಗಿಲ್ಲ. ಇದನ್ನ ಮೊದಲೇ ಹೇಳಾಕತ್ತೀನಿ, ಯಾಕಂದ್ರ ಮುಂದ ಆಗಿದ್ದಕ್ಕೆಲ್ಲ ಈ ಸಿಟ್ಟೇ ಮೂಲ.

ಮಾವ ತೀರಿಕೊಂಡ ಮ್ಯಾಲ ಓಣ್ಯಾಗ ಅತ್ತಿಗೆ ಬರೋ ಕರೆಗಳು ಒಂದೊಂದಾಗಿ ನಿಂತುವು. ಮದುವಿ ಮನ್ಯಾಗ ಅರಿಷಿಣ ಕುಟ್ಟಾಕ ಮೊದಲು ಒನಕಿ ಹಿಡೀತಿದ್ದಾಕಿ ಈಕಿ, ಆಮ್ಯಾಲ ಕರೀಲಿಲ್ಲ. ಬಸುರಿಗೆ ಉಡಿ ತುಂಬಾಕ ಕರೀಲಿಲ್ಲ. ಕರದ ಕಡೆನೂ ಹಿಂದಿನ ಸಾಲಿನಾಗ ಕುಂದ್ರು ಅಂದ್ರು. ನಾ ಎರಡು ಸಲ ಎದ್ದು ನಿಂತು, ಇದೆಂಥಾ ಪದ್ಧತಿ ನಿಮ್ಮದು ಅಂತ ಜಗಳ ತಗದೆ. ಅತ್ತೀನೇ ನನ್ನ ಸೆರಗು ಜಗ್ಗಿ ಕುಂದ್ರಿಸಿದ್ಲು. ಆದ್ರ ತತ್ತಿ ಇಡಾಕ ಕರಿಯೋದೊಂದನ್ನ ಯಾರೂ ನಿಲ್ಲಿಸಲಿಲ್ಲ. ಕೋಳಿಗೆ ಕುಂಕುಮದ ಹಂಗಿಲ್ಲ ಅಂತ ಆಕಿ ನಗತಿದ್ಲು. ನಗತಿದ್ಲು ಖರೇ, ಆದ್ರ ಯಾರಾದ್ರೂ ಬುಟ್ಟಿ ಹಿಡಕೊಂಡು ಬಂದ್ರಂದ್ರ ಎದ್ದು ಮುಖ ತೊಳಕೊಂಡು, ಸೀರಿ ನಿರಿಗಿ ಸರಿ ಮಾಡಿಕೊಂಡು ಹೋಗ್ತಿದ್ಲು. ನನಗ ಅದು ಕಾಣ್ತಿತ್ತು. ಓಣ್ಯಾಗ ಆಕಿಗೆ ಉಳದಿದ್ದು ಅದೊಂದೇ ಕರೆ.

ಸುಗ್ಗಿ ಮುಗದು ಹೊಲದಾಗ ನೆಲ್ಲಿನ ಕೂಳಿ ಅಷ್ಟ ಉಳದಾಗ, ಆಂಧ್ರದ ಕಡೆಯಿಂದ ಬಾತುಕೋಳಿ ಮೇಸೋರು ಬರ್ತಾರ. ಲಾರಿ ತುಂಬ ಬಾತುಕೋಳಿ. ಒಂದು ಊರಿನ ಹೊಲ ಮೇದು ಮುಗೀತಂದ್ರ ಮುಂದಿನ ಊರು. ಉದುರಿದ ಕಾಳು, ಬಸವನಹುಳ, ಕೆಸರಿನಾಗಿನ ಹುಳಾ ಎಲ್ಲಾ ತಿಂದು ಹೊಲ ಸ್ವಚ್ಛ ಮಾಡ್ತಾವ, ಗೊಬ್ಬರನೂ ಹಾಕ್ತಾವ, ಹಿಂಗಾಗಿ ಯಾರೂ ತಕರಾರು ಮಾಡಂಗಿಲ್ಲ. ಸಂಜಿಗೆ ಸುತ್ತಲೂ ನೂಲಿನ ಬಲಿ ಕಟ್ಟಿ ಅದರೊಳಗ ಕೂಡತಾರ. ಬೆಳಕು ಹರಿಯೋದ್ರಾಗ ಅವು ಹುಲ್ಲಿನಾಗ ತತ್ತಿ ಇಟ್ಟಿರ್ತಾವ, ಇವರು ಆರಿಸಿಕೊಳ್ತಾರ.

ಆ ವರ್ಷ ನಮ್ಮ ಹೊಲದಾಗ ಇಳದಾವ ಒಬ್ಬ ನಡುವಯಸ್ಸಿನ ಮನಶ್ಯಾ. ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡ್ತಿದ್ದ. ಶಾಲಿಯಿಂದ ಬಂದು ನಾ ಬದುವಿನ ಮ್ಯಾಲ ನಿಂತು ಅವನ ಬಾತುಕೋಳಿ ನೋಡ್ತಿದ್ದೆ. ಸಾಲು ಹಿಡಕೊಂಡು, ಕುಂಡಿ ತಿರುವಿಕೋತ, ಯಾರ ಹಂಗೂ ಇಲ್ಲದಂಗ ನಡೆಯೋ ಅವನ್ನ ನೋಡಿದ್ರ ದಿನದ ಸಿಟ್ಟೆಲ್ಲ ಇಳೀತಿತ್ತು. ನಮಗೂ ನಾಕು ಇರಲಿ ಅನ್ನಿಸ್ತು. ಆ ಮನಶ್ಯಾನ್ನ ಕೇಳಿದೆ. ದೊಡ್ಡವನ್ನ ಕೊಡಾಕ ಬರಂಗಿಲ್ಲ ಅಂದ. ಮರುದಿನ ಹೊಂಟು ನಿಂತಾಗ ಏಳು ತತ್ತಿ ಕೊಟ್ಟ. ತನ್ನ ಬಾತುಕೋಳಿ ಕಾವಿಗೆ ಕುಂದ್ರಂಗಿಲ್ಲ, ಊರೂರು ತಿರುಗೋ ಜಾತಿ ಅವು, ನಿಮ್ಮ ಕೋಳಿ ಕೆಳಗ ಇಡ್ರಿ ಅಂದ. ಬೇಕಾದ್ರ ಫೋನ್ ಮಾಡ್ರಿ ಅಂತ ನಂಬರ್ ಕೊಟ್ಟ. ಎಷ್ಟು ದಿನ ಇಡಬೇಕು ಅಂತ ನಾ ಕೇಳಲಿಲ್ಲ, ಅವನೂ ಹೇಳಲಿಲ್ಲ. ತತ್ತಿ ಇಡೋದು ನಮ್ಮ ಮನಿಗೆ ಹೊಸದೇನು ಅನ್ನೋ ಸೊಕ್ಕು ನನ್ನದು.

ಅತ್ತಿ ಒಂದು ತತ್ತಿ ಕೈಯಾಗ ತಗೊಂಡು ತಿರುವಿ ತಿರುವಿ ನೋಡಿದ್ಲು. ದೊಡ್ಡದಿತ್ತು, ತುಸು ನೀಲಿ ಹೊಳಪಿತ್ತು. ಇದು ತನ್ನ ಕೈಯಾಗಿನ ಕೆಲಸ ಅಲ್ಲ, ಈ ಊರಾಗ ಯಾರೂ ಬಾತಿನ ತತ್ತಿ ಇಟ್ಟಿಲ್ಲ, ಕೆಟ್ರ ಓಣ್ಯಾಗ ಹೆಸರು ಕೆಡತೈತಿ ಅಂದ್ಲು. ನಾ ಬಿಡಲಿಲ್ಲ. ತತ್ತಿ ಅಂದ್ರ ತತ್ತಿ, ಯಾರದಾದ್ರೇನು, ನಿನ್ನ ಕೈಗುಣ ಇದಕ್ಕೂ ನಡೀತೈತಿ ಅಂತ ಉಬ್ಬಿಸಿದೆ. ಆಗ ಕಾವಿಗೆ ಕುಂತಿದ್ದ ನಮ್ಮ ಕೆಂಪು ಕೋಳಿ ಸಣ್ಣ ಮೈದು, ಏಳಕ್ಕಿಂತ ಹೆಚ್ಚು ಅದರ ಕೆಳಗ ಹಿಡಿತಿರಲಿಲ್ಲ. ಏಳು ಬೆಸ ಸಂಖ್ಯೆನೂ ಆತು. ಸಂಜೀಗೆ ಅತ್ತಿ ಮುಖ ತೊಳಕೊಂಡು ಬಂದು ಮೊಳಿ, ಇದ್ದಲಿ ಇಟ್ಟು ಒಂದೊಂದೇ ಇಟ್ಲು. ಎದುರು ಮನಿ ಹೆಣ್ಮಗಳು ನೋಡಾಕ ಬಂದು, ಏಳು ಇಟ್ಟಿಯಲ್ಲ ದೊಡ್ಡವ್ವಾ, ನನಗೂ ಒಂದು ಮರಿ ಕೊಡು ಅಂದು ಹೋದ್ಲು. ಆಕಿ ಅಂದಿದ್ದು ಅಂದ್ರ ಓಣಿಗೆಲ್ಲಾ ಡಂಗುರ ಹೊಡದಂಗ.

ಗ್ವಾಡಿ ಮ್ಯಾಲ ಗೀಟು ಏರಿದ್ವು. ಇಪ್ಪತ್ತೊಂದನೇ ಗೀಟಿನ ದಿನ ಅತ್ತಿ ಮುಂಜಾನಿಂದ ಬುಟ್ಟಿ ಹತ್ರ ಕುಂತ್ಲು. ಕೋಳಿ ಕೆಳಗ ಕಿವಿ ಇಟ್ಟು ಕೇಳಿದ್ಲು. ಏನಿಲ್ಲ. ಸಂಜೀ ತನಕ ಏನಿಲ್ಲ. ಇಪ್ಪತ್ತೆರಡನೇ ದಿನ ಎದುರು ಮನಿಯಾಕಿ ಮೂರು ಸಲ ಇಣುಕಿದ್ಲು. ಬಾಯಿಲೆ ಏನೂ ಅನ್ನಲಿಲ್ಲ, ಆದ್ರ ಅದೇ ದಿನ ಆಕಿ ತನ್ನ ಕೋಳಿಗೆ ತತ್ತಿ ಇಡಾಕ ಕೆಳಗಿನ ಓಣಿಯ ಬ್ಯಾರೆ ಹೆಂಗಸಿನ್ನ ಕರಸಿದ್ಲು. ನಮ್ಮ ಕಟ್ಟಿ ಮುಂದೇ ಆ ಹೆಂಗಸು ಹಾದು ಹೋದ್ಲು. ಅತ್ತಿ ಕಟ್ಟಿ ಮ್ಯಾಲ ಕುಂತು ಅದನ್ನ ನೋಡಿದ್ಲು. ಅವತ್ತು ಉಣ್ಣಾಕ ಕರದ್ರ ಹಸಿವಿಲ್ಲ ಅಂದ್ಲು. ಇನ್ನ ಮ್ಯಾಲ ಯಾರ ತತ್ತಿನೂ ಮುಟ್ಟಂಗಿಲ್ಲ, ಕಣ್ಣೂ ಮಂಜಾಗ್ಯಾವ, ಕೈಯೂ ಹೋತು ಅಂದ್ಲು.

ನನಗ ಕೆಟ್ಟ ಸಿಟ್ಟು ಬಂತು. ಎದುರು ಮನಿಯಾಕಿ ಮ್ಯಾಲ ಸಿಟ್ಟು, ಬಾತುಕೋಳಿ ಮನಶ್ಯಾನ ಮ್ಯಾಲ ಸಿಟ್ಟು, ಕೆಟ್ಟ ತತ್ತಿ ಕೊಟ್ಟು ಹೋದನಂತ. ಅತ್ತಿ ಮ್ಯಾಲನೂ ಸಿಟ್ಟು, ಯಾಕ ಹಿಂಗ ಸೋತು ಕುಂತಾಳಂತ. ಇಪ್ಪತ್ಮೂರನೇ ದಿನ ಆಯ್ತವಾರ, ಶಾಲಿಗೆ ರಜಾ. ಅತ್ತಿ ಹಿಟ್ಟು ಬೀಸಿಕೊಂಡು ಬರಾಕ ಗಿರಣಿಗೆ ಹೋದ್ಲು, ನನ್ನ ಗಂಡ ಹೊಲಕ್ಕ ಹೋಗಿದ್ದ. ಆ ಬುಟ್ಟಿ ಕಣ್ಣ ಮುಂದ ಇರೋ ತನಕ ಆಕಿ ಅನ್ನ ಮುಟ್ಟಂಗಿಲ್ಲ, ಮೊದಲು ಅದನ್ನ ಖಾಲಿ ಮಾಡಬೇಕು ಅಂತ ನಾ ಎದ್ದೆ. ಕೋಳಿನ್ನ ಒಂದು ಕೈಲೆ ಎತ್ತಿ ಏಳೂ ತತ್ತಿ ಸೆರಗಿನಾಗ ಹಾಕ್ಕೊಂಡು ಹಿತ್ತಲದ ತಿಪ್ಪಿಗೆ ಹೋದೆ. ಕೊಳತ ತತ್ತಿ ಒಡದ್ರ ನಾರತೈತಲ್ಲ, ಮೂಗು ಮುಚ್ಚಿಕೊಂಡು ಮೊದಲನೇದನ್ನ ತಿಪ್ಪಿ ಬದಿಯ ಕಲ್ಲಿಗೆ ಒಗದೆ.

ನಾರಲಿಲ್ಲ.

ಕಲ್ಲಿನ ಮ್ಯಾಲ ರಕ್ತ ಇತ್ತು, ಒಡದ ಸಿಪ್ಪಿ ಇತ್ತು, ಅದರ ನಡುವ ಒದ್ದಿ ಹಳದಿ ತುಪ್ಪಳದ ಒಂದು ಮುದ್ದಿ ಇತ್ತು. ಚಪ್ಪಟಿ ಬಾಯಿ. ಬೆರಳ ನಡುವ ತೆಳ್ಳಗಿನ ಪೊರಿ ಇದ್ದ ಕಾಲು. ಅದು ಬಾಯಿ ತೆರೀತು, ಮುಚ್ಚಿತು, ಮತ್ತ ತೆರೀತು. ನಾ ಅಲ್ಲೇ ಕುಂತು ಅದನ್ನ ಅಂಗೈಯಾಗ ತಗೊಂಡೆ. ಬೆಚ್ಚಗಿತ್ತು. ತುಸು ಹೊತ್ತಿನಾಗ ಬಾಯಿ ಆಡಿಸೋದು ನಿಂತಿತು. ಹದಿಮೂರು ವರ್ಷದಿಂದ ಹುಡುಗ್ರಿಗೆ ಜೀವಶಾಸ್ತ್ರ ಹೇಳಾಕತ್ತೀನಿ. ಮೊಬೈಲ್ ಕೈಯಾಗೇ ಇತ್ತು, ಎಷ್ಟು ದಿನ ಬೇಕು ಅಂತ ಒಂದು ಸಲನೂ ನೋಡಲಿಲ್ಲ. ಛೀ, ನನ್ನ ಓದಿಗೆ ಬೆಂಕಿ ಹಚ್ಚಲಿ ಅನ್ನಿಸ್ತು.

ಸೆರಗಿನಾಗ ಇನ್ನೂ ಆರು ಇದ್ವು. ಆರೂ ಬೆಚ್ಚಗಿದ್ವು. ಓಡಿ ಹೋಗಿ ಕೋಳಿ ಕೆಳಗ ಇಟ್ಟೆ. ಸಿಟ್ಟಿಗೆದ್ದಿದ್ದ ಕೋಳಿ ನನ್ನ ಮಣಿಕಟ್ಟಿಗೆ ರಕ್ತ ಬರೋ ಹಂಗ ಕುಕ್ಕಿತು, ಕುಕ್ಕಿಸಿಕೊಂಡೆ. ಆಮ್ಯಾಲ ತಿಪ್ಪಿ ಬದಿಯಾಗ ಕೈಲೇ ತಗ್ಗು ತಗದು ಆ ಮರಿನ್ನ ಮುಚ್ಚಿ, ಕಲ್ಲು ತೊಳದು, ಬಾತುಕೋಳಿಯವನಿಗೆ ಫೋನ್ ಹಚ್ಚಿದೆ. ಅವ ಆಗ ದಢೇಸುಗೂರು ಕಡೆ ಹೊಲದಾಗ ಇದ್ದ. ಕೋಳಿ ತತ್ತಿಗೆ ಇಪ್ಪತ್ತೊಂದು, ಬಾತಿಗೆ ಇಪ್ಪತ್ತೆಂಟು ದಿನ ಅಮ್ಮಾ, ನಿಮಗ ಗೊತ್ತಿರತೈತಿ ಅನ್ಕೊಂಡಿದ್ದೆ ಅಂದ. ಕಡೀ ದಿನಗಳಾಗ ತತ್ತಿ ಮ್ಯಾಲ ಉಗುರುಬೆಚ್ಚಗಿನ ನೀರು ಚಿಮುಕಿಸ್ರಿ, ಇಲ್ಲಂದ್ರ ಒಳಗಿನ ಪೊರಿ ಒಣಗಿ ಮರಿಗೆ ಹೊರಗ ಬರಾಕ ಆಗಂಗಿಲ್ಲ ಅಂದ. ಒಂದು ಒಡದೀನಿ ಅಂತ ನಾ ಅವನಿಗೂ ಹೇಳಲಿಲ್ಲ.

ಅತ್ತಿ ಗಿರಣಿಯಿಂದ ಬಂದ ಕೂಡ್ಲೇ ಇಪ್ಪತ್ತೆಂಟು ದಿನದ ಸುದ್ದಿ ಹೇಳಿದೆ. ಹಿಟ್ಟಿನ ಡಬ್ಬಿ ಅಲ್ಲೇ ಇಳಿಸಿ, ಖರೇನ ಅಂತ ಎರಡು ಸಲ ಕೇಳಿದ್ಲು. ಸೀದಾ ಬುಟ್ಟಿ ಹತ್ರ ಹೋಗಿ ಕೋಳಿ ಕೆಳಗ ಕೈ ಹಾಕಿದ್ಲು. ಕೈ ಒಳಗೇ ತುಸು ಹೊತ್ತು ನಿಂತಿತು. ಆಮ್ಯಾಲ ಕೈ ತಗದು, ನನ್ನ ಮಣಿಕಟ್ಟಿನ ಕಡೆ ನೋಡಿ, ಅರಿಷಿಣ ಹಚ್ಚಿಕೋ ಅಂದ್ಲು. ಅವತ್ತು ಆಕಿ ಎರಡು ರೊಟ್ಟಿ ಉಂಡ್ಲು. ಕಣ್ಣು ಮಂಜು ಅಂತಾಳ, ಎಣಿಸಿರಲಿಕ್ಕಿಲ್ಲ ಅಂತ ನಾ ಸಮಾಧಾನ ಮಾಡ್ಕೊಂಡೆ.

ಅಲ್ಲಿಂದ ಐದಾರು ದಿನ ಅತ್ತಿ ಆ ಕೋಳಿನ್ನ ಬಾಣಂತಿ ನೋಡಿಕೊಂಡಂಗ ನೋಡಿಕೊಂಡ್ಲು. ಪಾಪ, ಅದಕ್ಕೂ ಬ್ಯಾಸರಾಗಿತ್ತು. ಇಪ್ಪತ್ತೊಂದು ದಿನಕ್ಕ ಏಳೋ ಜೀವ ಅದು. ದಿನಕ್ಕೊಮ್ಮೆ ಎತ್ತಿ ಹೊರಗ ಬಿಟ್ಟು, ಕಾಳು ನೀರು ಕೊಟ್ಟು, ಹೇತು ಬಂದ ಮ್ಯಾಲ ಮತ್ತ ಕುಂದ್ರಿಸ್ತಿದ್ಲು. ಬೆರಳ ತುದೀಲೆ ನೀರು ಚಿಮುಕಿಸ್ತಿದ್ಲು. ಇಪ್ಪತ್ತೆಂಟನೇ ದಿನ ಸಂಜೀಗೆ ಒಂದು ತತ್ತಿ ಬಿರುಕು ಬಿಡ್ತು. ಮರುದಿನ ನಾ ಶಾಲಿಯಿಂದ ಬರೋದ್ರಾಗ ಆರಕ್ಕ ಆರೂ ಮರಿ ಆಗಿದ್ವು. ಕೋಳಿ ರೆಕ್ಕಿ ಕೆಳಗಿಂದ ಆರು ಚಪ್ಪಟಿ ಬಾಯಿ ಹೊರಗ ಚಾಚಿದ್ವು, ನಮ್ಮ ಕಟ್ಟಿ ತುಂಬ ಹೆಂಗಸರು ನಿಂತಿದ್ರು. ಅತ್ತಿ ಮುಖ ಅರಳಿತ್ತು.

ಎದುರು ಮನಿಯಾಕಿ ಬಗ್ಗಿ ನೋಡಿ ಎಣಿಸಿದ್ಲು. ಏಳು ಇಟ್ಟಿದ್ದಿಯಲ್ಲ ದೊಡ್ಡವ್ವಾ, ಇನ್ನೊಂದು ಎಲ್ಲಿ ಅಂದ್ಲು. ನಾ ಅಲ್ಲೇ ಕುಂತು ಮರಿಗೆ ನುಚ್ಚು ಹಸನು ಮಾಡಾಕತ್ತಿದ್ದೆ. ಮೊರದಾಗ ನನ್ನ ಕೈ ನಿಂತಿತು. ಅತ್ತಿ ನನ್ನ ಕಡೆ ನೋಡಲಿಲ್ಲ.

"ಒಂದು ನನ್ನ ಕೈಯಾಗ ಕೆಟ್ಟಿತವ್ವ," ಅಂದ್ಲು.

ವಯಸ್ಸಾತಲ್ಲ, ಹಂಗ ಆಗತೈತಿ ಬಿಡು ಅಂದ್ಲು ಎದುರು ಮನಿಯಾಕಿ. ಕಂಡಕ್ಟರ್, ಹೆಡ್‌ಮಾಸ್ಟರ್ ಯಾರ ಮುಲಾಜೂ ಇಲ್ಲದೆ ಮಾತಾಡೋ ನಾನು, ಆ ಹೊತ್ತಿಗೆ ಬಾಯಾಗ ನುಚ್ಚು ತುಂಬಿಕೊಂಡವರಂಗ ಕುಂತೆ. ಎಲ್ಲಾರೂ ಹೋದ ಮ್ಯಾಲ ಹೇಳಿದ್ರಾತು ಅನ್ಕೊಂಡೆ. ಎಲ್ಲಾರೂ ಹೋದ್ರು. ನಾ ಹೇಳಲಿಲ್ಲ. ನಾಳೆ ಹೇಳಿದ್ರಾತು ಅನ್ಕೊಂಡೆ.

ಮರಿ ಸಾಕೋದು ನಮಗಿಬ್ರಿಗೂ ಹೊಸ ಪಾಠ. ಕೋಳಿ ಮರಿ ನುಚ್ಚು ಕುಕ್ಕಿಕೊಂಡು ತಿಂತಾವ. ಇವು ಒಂದು ತುತ್ತು ತಿಂದು ನೀರಿಗೆ ಓಡ್ತಾವ, ನೀರು ಹತ್ರ ಇರಲಿಲ್ಲಂದ್ರ ಗಂಟಲಿಗೆ ಸಿಕ್ಕಿಸಿಕೊಳ್ತಾವ. ನೀರಿನ ತಟ್ಟಿ ಇಟ್ರ ಆರೂ ಅದರೊಳಗೇ ಇಳದು ಕುಣದು ಮೈಯೆಲ್ಲ ತೊಯ್ಸಿಕೊಂಡು ಗಡಗಡ ನಡುಗಾಕ ಹತ್ತಿದ್ವು. ಬಾತುಕೋಳಿಗೆ ನೀರಂದ್ರ ಏನು ಹೆದರಿಕಿ ಅಂತ ನಾ ನಗತಿದ್ದೆ. ಯಾಕೋ ಅನುಮಾನ ಬಂದು ಮತ್ತ ಫೋನ್ ಹಚ್ಚಿ ಕೇಳಿದ್ರ ಅವ ಬೈದ. ತಾಯಿ ಬಾತಿನ ಮೈ ಎಣ್ಣಿ ಮರಿ ತುಪ್ಪಳಕ್ಕ ಹತ್ತತೈತಿ, ಅದಕ್ಕ ನೀರು ಒಳಗ ಇಳಿಯಂಗಿಲ್ಲ. ನಿಮ್ಮ ಕೋಳಿ ಮೈಯಾಗ ಆ ಎಣ್ಣಿ ಎಲ್ಲೈತಿ, ರೆಕ್ಕಿಪುಕ್ಕ ಬರೋ ತನಕ ನೀರಿಗೆ ಬಿಟ್ರ ಥಂಡಿ ಹಿಡದು ಸಾಯ್ತಾವ ಅಂದ. ಅವತ್ತೇ ತಟ್ಟ್ಯಾಗ ಸಣ್ಣ ಕಲ್ಲು ತುಂಬಿಟ್ವಿ. ಬಾಯಿ ಮೂಗು ಅಷ್ಟ ಮುಳುಗಬೇಕು, ಮೈ ಇಳೀಬಾರದು. ಮೂಗು ತೊಳಕೊಳ್ಳಾಕ ನೀರು ಬೇಕೇ ಬೇಕು ಅವಕ್ಕ, ಇಲ್ಲಂದ್ರ ತವುಡು ಮೆತ್ತಿ ಉಸಿರು ಕಟ್ಟತೈತಿ.

ಹೇಲು ಅಂತೂ ಕೇಳಬ್ಯಾಡ್ರಿ. ಮುಂಜಾನಿ ಹಾಸಿದ ಹುಲ್ಲು ಸಂಜೀಗೆ ರಾಡಿ. ಒದ್ದಿಯಾಗ ಮಲಗಿದ್ರ ಮರಿಗೆ ಕೆಡಕು ಅಂತ ಅತ್ತಿ ಎರಡೂ ಹೊತ್ತು ಹುಲ್ಲು ಬದಲಿ ಮಾಡ್ತಿದ್ಲು. ನನ್ನ ಗಂಡ ಒಂದು ದಿನ ಪ್ರೀತೀಲೆ ಎಮ್ಮಿಗಂತ ತಂದಿದ್ದ ಚೀಲದಾಗಿನ ಶೇಂಗಾ ಹಿಂಡಿ ಪುಡಿ ಮಾಡಿಕೊಂಡು ತಂದ. ಅತ್ತಿ ಮೂಸಿ ನೋಡಿ, ಮುಗ್ಗಲು ವಾಸನಿ ಐತಿ ಅಂತ ತಿಪ್ಪಿಗೆ ಚೆಲ್ಲಿದ್ಲು. ಎಮ್ಮಿ ತಿಂತೈತಲ್ಲ ಅಂದ ಆತ. ಎಮ್ಮಿ ತಿಂದೀತು, ಇವು ತಡಕೊಳ್ಳಂಗಿಲ್ಲ ಅಂದ್ಲು. ಆಮ್ಯಾಲ ಬಾತುಕೋಳಿಯವನೂ ಅದನ್ನೇ ಹೇಳಿದ, ಬೂಸರು ಹಿಡದ ಹಿಂಡಿಯಷ್ಟು ಕೆಟ್ಟದ್ದು ಬಾತಿನ ಮರಿಗೆ ಇನ್ನೊಂದಿಲ್ಲ ಅಂತ. ಅದನ್ನ ಅತ್ತಿ ಯಾರಿಂದಲೂ ಕೇಳಿ ತಿಳದಿದ್ದಲ್ಲ, ಮೂಗಿನಿಂದ ತಿಳದಿದ್ದು. ಬರೇ ನುಚ್ಚು ತಿಂದು ಒಂದು ಮರಿ ಕಾಲು ಎಳಿಯಾಕ ಹತ್ತಿದಾಗಲೂ ಆಕಿನೇ ಅದನ್ನ ಉಡ್ಯಾಗ ಹಾಕ್ಕೊಂಡು ಕುಂತು, ನುಚ್ಚಿಗೆ ತವುಡು, ಸಿಂಧನೂರು ಸಂತ್ಯಾಗಿಂದ ತರಿಸಿದ ಒಣಮೀನಿನ ಪುಡಿ, ಸಣ್ಣಗ ಹೆಚ್ಚಿದ ನುಗ್ಗಿ ಸೊಪ್ಪು ಕಲಿಸಿ ತಿನಿಸಿದ್ಲು. ಒಂದು ವಾರದಾಗ ಅದೇ ಎಲ್ಲಾಕ್ಕಿಂತ ಮುಂದ ಓಡಾಕತ್ತಿತು.

ಪುಕ್ಕ ಬಂದು ಮೈ ತುಂಬಿದ ಮ್ಯಾಲ ಅವನ್ನ ಹೊಲಗಾಲುವಿಗೆ ಬಿಟ್ವಿ. ಆರೂ ಧುಮುಕಿದ್ವು. ಕೆಂಪು ಕೋಳಿ ಬದುವಿನ ಮ್ಯಾಲ ಆ ತುದಿಯಿಂದ ಈ ತುದಿಗೆ ಚೀರಿಕೋತ ಓಡಿತು, ಮಕ್ಕಳು ಮುಳುಗಿದ್ವಂತ. ಅತ್ತಿನೂ ಅದರ ಹಿಂದ ಓಡಿ, ಏ ಹುಚ್ಚಿ, ಅವು ನಿನ್ನಂಗ ಅಲ್ಲ ಬಾರೇ ಅಂತ ಕರದ್ಲು. ನಾ ನಕ್ಕು ನಕ್ಕು ಹೊಟ್ಟಿ ಹಿಡಕೊಂಡೆ. ಅವತ್ತಿನಿಂದ ಯಾರ ಹೊಲಕ್ಕ ಎಣ್ಣಿ ಹೊಡದಾರ, ಅಂದ್ರ ಕೀಟದ ಔಷಧ, ಅಂತ ಮೊದಲು ಕೇಳಿಕೊಂಡು, ಆ ಕಡೆ ಬಿಡದಂಗ ತಿರುವಿಕೊಂಡು ಬರೋದು ಅತ್ತಿ ಕೆಲಸ ಆತು.

ಬಾತುಕೋಳಿ ಚಲೋ ಆದ್ವು, ಆದ್ರ ನಮ್ಮ ಬಾಗಿಲಿಗೆ ತತ್ತಿ ಬುಟ್ಟಿ ಬರೋದು ನಿಂತಿತು. ಒಂದು ತಿಂಗಳಾತು, ಎರಡು ತಿಂಗಳಾತು. ದೊಡ್ಡವ್ವನ ಕೈಯಾಗ ತತ್ತಿ ಕೆಟ್ಟಿತಂತ, ತನ್ನ ಬಾಯಿಲೇ ಹೇಳ್ಯಾಳಂತ ಅನ್ನೋ ಮಾತು ಓಣಿ ಸುತ್ತಿ ನನ್ನ ಕಿವಿಗೂ ಬಂತು. ಅತ್ತಿ ಸಂಜಿ ಹೊತ್ತಿಗೆ ಕಟ್ಟಿ ಮ್ಯಾಲ ಕುಂದ್ರತಿದ್ದಾಕಿ ಒಳಗ ಕುಂದ್ರಾಕ ಹತ್ತಿದ್ಲು. ನಾ ದಿನಾ ಬಸ್ಸಿನಾಗ ಇವತ್ತು ಹೇಳಬೇಕು ಅಂತ ನಿಶ್ಚಯ ಮಾಡ್ತಿದ್ದೆ, ಮನಿಗೆ ಬಂದು ಚಹಾ ಕುಡದು ಸುಮ್ಮನಾಗ್ತಿದ್ದೆ. ಅಂಜಿಕಿ ಅಂದ್ರ ಏನಂತ ನನಗ ಗೊತ್ತಾಗಿದ್ದು ಆ ಎರಡು ತಿಂಗಳಿನಾಗ.

ಯುಗಾದಿ ಇನ್ನೂ ನಾಕು ದಿನ ಇತ್ತು. ಸಂಜೀಗೆ ಎದುರು ಮನಿಯಾಕಿ ಬುಟ್ಟಿ ಹಿಡಕೊಂಡು ನಮ್ಮ ಬಾಗಿಲಿಗೆ ಬಂದ್ಲು, ಜೋಡಿ ಇನ್ನಿಬ್ರು ಹೆಂಗಸರು. ಬುಟ್ಟ್ಯಾಗ ಹದಿಮೂರು ತತ್ತಿ. ಒಳಗ ಕುಂತಿದ್ದ ಅತ್ತಿ ಎದ್ಲು. ಮುಖ ತೊಳಿಯಾಕ ಬಚ್ಚಲದ ಕಡೆ ತಿರುಗಿದ್ಲು. ಅಷ್ಟರಾಗ ಆ ಹೆಣ್ಮಗಳು ಬುಟ್ಟಿನ್ನ ನನ್ನ ಮುಂದ ಇಟ್ಟು, ಟೀಚರಕ್ಕಾ, ಈ ಸಲ ನೀವೇ ಬಂದು ಇಡ್ರಿ ಅಂದ್ಲು. ಫೋನ್ ಮಾಡಿ ದಿನ ತಿಳಕೊಂಡು ಆ ಆರು ಮರಿ ಉಳಿಸಿದವರು ನೀವೇ ಅಂತ, ಅದಕ್ಕ ನಿಮ್ಮ ಕೈಲೆ ಆದ್ರ ಚಲೋ, ದೊಡ್ಡವ್ವಗ ಈಗ ಕೈ ನಡುಗ್ತಾವ ಅಂತ.

ಅತ್ತಿ ಬಚ್ಚಲದ ಬಾಗಿಲಾಗ ನಿಂತ್ಲು. ಆಮ್ಯಾಲ ಗ್ವಾಡಿಯ ಮಾಡದಾಗ ಕೈ ಹಾಕಿ ತನ್ನ ಕಬ್ಬಿಣದ ಮೊಳಿ, ಇದ್ದಲಿ ತುಂಡು ತಗದು ನನ್ನ ಕೈಯಾಗ ಇಟ್ಲು. ಹೋಗು, ಹೊತ್ತು ಮುಳಗಾಕತ್ತೈತಿ ಅಂದ್ಲು. ಆ ಮೊಳಿ ನಾ ಈ ಮನಿಗೆ ಬಂದಾಗಿನಿಂದ ಆಕಿ ಒಬ್ಬಾಕಿನೇ ಮುಟ್ಟಿದ್ದು.

ನನಗ ತಡಕೊಳ್ಳಾಕ ಆಗಲಿಲ್ಲ.

"ಆ ಏಳನೇದು ಅತ್ತಿ ಕೈಯಾಗ ಕೆಟ್ಟಿಲ್ಲ," ಅಂದೆ. "ನಾ ಒಡದೀನಿ. ಸಿಟ್ಟಿನಾಗ ತಿಪ್ಪಿಗೆ ಒಯ್ದು ಕಲ್ಲಿಗೆ ಒಗದೆ. ಅದರಾಗ ಜೀವ ಇತ್ತು. ನನ್ನ ಕೈಯಾಗ ಸತ್ತಿತು."

ನನಗ ಅಳು ಬಂತು, ಸಣ್ಣ ಹುಡುಗಿ ಅತ್ತಂಗ ಅತ್ತೆ. ಹಿತ್ತಲದಾಗ ಬಾತುಕೋಳಿ ಒಟಗುಡಾಕತ್ತಿದ್ವು. ಅತ್ತಿಗೆ ಹೊಸ ಸುದ್ದಿ ಆಗಿರತೈತಿ, ಬೈತಾಳ ಅಂತ ಕಾದೆ. ಆಕಿ ಬೈಲಿಲ್ಲ.

"ನನಗೇನು ಎಣಿಸಾಕ ಬರಂಗಿಲ್ಲಂತ ತಿಳದಿದ್ದಿಯೇನು?" ಅಂದ್ಲು. "ಏಳು ಇಟ್ಟಾಕಿ ನಾನು. ಗಿರಣಿಯಿಂದ ಬಂದು ಕೈ ಹಾಕಿದ್ರ ಆರು. ಮಣಿಕಟ್ಟು ನಿಂದು ಹರದಿತ್ತು."

ಗೊತ್ತಿದ್ದೂ ನಿನ್ನ ಕೈಯಾಗ ಕೆಟ್ಟಿತು ಅಂತ ಯಾಕ ಹೇಳಿದಿ, ಅದೊಂದೇ ಉಳದಿತ್ತಲ್ಲ ನಿನಗ ಅಂತ ಕೇಳಿದೆ. ಆಕಿ ಸೆರಗಿಲೆ ನನ್ನ ಮುಖ ಒರಸಿದ್ಲು.

"ನಂದು ಮುಗೀತು. ನೀ ಇನ್ನೂ ಈ ಓಣ್ಯಾಗ ಬಾಳೇವು ಮಾಡಬೇಕಲ್ಲ," ಅಂದ್ಲು.

ಎದುರು ಮನಿಯಾಕಿ ನೆಲ ನೋಡಿಕೋತ ನಿಂತಿದ್ಲು. ಆಮ್ಯಾಲ ಬಗ್ಗಿ, ನನ್ನ ಮುಂದಿದ್ದ ಬುಟ್ಟಿ ಎತ್ತಿ ಅತ್ತಿ ಕಾಲ ಹತ್ರ ಇಟ್ಲು. ನನ್ನ ಕೈಯಾಗಿನ ಮೊಳಿ, ಇದ್ದಲಿ ನಾ ಅತ್ತಿಗೆ ವಾಪಸ್ ಕೊಟ್ಟೆ. ಆಕಿ ಮುಖ ತೊಳಕೊಂಡು, ಸೀರಿ ನಿರಿಗಿ ಸರಿ ಮಾಡಿಕೊಂಡು ಬಂದ್ಲು. ನೀನೂ ಬಾ ಅಂದ್ಲು, ಹೋದೆ. ಎದುರು ಮನಿ ಪಡಸಾಲ್ಯಾಗ ಕುಂತು ಹನ್ನೆರಡು ತತ್ತಿ ತಾನೇ ಇಟ್ಟು, ಹದಿಮೂರನೇದನ್ನ ನನ್ನ ಅಂಗೈಯಾಗ ಇಟ್ಲು. ಆಕಿ ನನ್ನ ಮಣಿಕಟ್ಟು ಹಿಡಕೊಂಡು ಕೋಳಿ ಕೆಳಗ ಇಡಿಸಿದ್ಲು.

ಮರುದಿನ ಮುಂಜಾನಿ ನಾ ಬಸ್ಸಿಗೆ ಹೊಂಟಿದ್ದೆ. ಎದುರು ಮನಿ ಹೆಣ್ಮಗಳು ಬಂದು ಬಾಗಿಲಾಗ ನಿಂತು, ಗ್ವಾಡಿಗೆ ಮೊದಲನೇ ಗೀಟು ಎಳಿಯಾಕ ಬಾ ದೊಡ್ಡವ್ವಾ ಅಂತ ಕರದ್ಲು.